ನೆಲದೊಳಗಿನ ಡ್ರಿಪ್: ಎರೆಗೆ ಒಂದು ಲೆಕ್ಕ, ಮಸಾರಿಗೆ ಇನ್ನೊಂದು

ಬೇಸಿಗೆಯಲ್ಲಿ ರಾಯಚೂರು, ಕೊಪ್ಪಳದ ಕಡೆ ಬಿಸಿಲು 40 ಡಿಗ್ರಿ ದಾಟಿದರೆ ಮೇಲೆ ಹಾಸಿದ ಡ್ರಿಪ್ ಪೈಪಿನ ಸುತ್ತಲಿನ ಹಸಿ ಸಂಜೆಯೊಳಗೆ ಆರುತ್ತದೆ. ಬೇರಿಗೆ ಸೇರಬೇಕಾದ ನೀರಿನಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ. ಅದೇ ಪೈಪನ್ನು ಒಂದು ಗೇಣು ಕೆಳಗೆ ಹೂತರೆ ಮೇಲ್ಮಣ್ಣು ಒಣಗಿಯೇ ಇರುತ್ತದೆ. ಆವಿ ಕಡಿಮೆ, ಕಸವೂ ಕಡಿಮೆ, ಎಡೆ ಹೊಡೆಯುವಾಗ ಪೈಪು ಸುತ್ತಿಡುವ ಕೆಲಸವೂ ಇಲ್ಲ.

ಎರೆಮಣ್ಣು, ಅಂದರೆ ಜಿಗುಟಾದ ಕರಿಮಣ್ಣು, ನೀರನ್ನು ಅಕ್ಕಪಕ್ಕಕ್ಕೂ ಮೇಲಕ್ಕೂ ಎಳೆದುಕೊಳ್ಳುತ್ತದೆ, ಆದರೆ ನಿಧಾನವಾಗಿ. ಅದಕ್ಕೇ ಇಲ್ಲಿ ಗಂಟೆಗೆ 1 ಲೀಟರ್ ಬಿಡುವ ಡ್ರಿಪ್ಪರ್ (ಪೈಪಿನಲ್ಲಿ ನೀರು ಹನಿಸುವ ಬಾಯಿ) ಒಳ್ಳೆಯದು. 4 ಲೀಟರಿನದ್ದು ಹಾಕಿದರೆ ಮಣ್ಣು ಕುಡಿಯುವ ಮೊದಲೇ ನೀರು ದಾರಿ ಮಾಡಿಕೊಂಡು ಮೇಲಕ್ಕೆ ಉಕ್ಕಿ ರೊಜ್ಜಾಗುತ್ತದೆ, ಹೂತದ್ದೇ ದಂಡ. ಮಸಾರಿಯಲ್ಲಿ, ಅಂದರೆ ಮರಳು ಬೆರೆತ ಕೆಂಪುಮಣ್ಣಿನಲ್ಲಿ, ನೀರು ನೇರ ಕೆಳಕ್ಕೆ ಇಳಿಯುವುದರಿಂದ ಡ್ರಿಪ್ಪರುಗಳು 30 ಸೆಂ.ಮೀ.ಗೊಂದರಂತೆ ಹತ್ತಿರವಿರಬೇಕು, ನೀರನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆರಡು ಸಲ ಬಿಡಬೇಕು. ಹತ್ತಿಗೆ 20ರಿಂದ 25 ಸೆಂ.ಮೀ. ಆಳ ಸರಿ. ಮೆಣಸಿನಕಾಯಿಗೆ 15–20 ಸಾಕು. ರೋಟಾವೇಟರ್ ಎಷ್ಟು ಆಳ ಹೋಗುತ್ತದೋ ಅದಕ್ಕಿಂತ ಪೈಪು ಕೆಳಗಿರಲೇಬೇಕು.

ಒಂದು ಎಕರೆ ಎರೆಹೊಲದಲ್ಲಿ 1.5 ಮೀಟರಿಗೊಂದು ಸಾಲು ಪೈಪು ಎಳೆದರೆ ಸುಮಾರು 2,700 ಮೀಟರ್ ಬೇಕು. 40 ಸೆಂ.ಮೀ.ಗೊಂದು ಡ್ರಿಪ್ಪರ್ ಎಂದರೆ 6,750. ಒಂದೊಂದೂ ಗಂಟೆಗೆ ಲೀಟರ್ ಬಿಟ್ಟರೆ ಮೂರು ತಾಸಿಗೆ 20,250 ಲೀಟರ್, ಅಂದರೆ ಹೊಲದ ತುಂಬ 5 ಮಿ.ಮೀ. ನೀರು ನಿಂತಷ್ಟು. ಬೋರಿನಿಂದ ಗಂಟೆಗೆ 6,750 ಲೀಟರ್ ಬಾರದಿದ್ದರೆ ಹೊಲವನ್ನು ಎರಡು ವಾಲ್ವಿಗೆ ಹಂಚಬೇಕು. ಒತ್ತಡ ಸಾಲದ ಪೈಪಿನಲ್ಲಿ ಕೊನೆಯ ಗಿಡ ಸೊರಗುತ್ತದೆ.

ಎರೆಯಲ್ಲಿ ಇನ್ನೊಂದು ತಕರಾರು ಬಿರುಕು. ಮಣ್ಣು ಪೈಪಿನವರೆಗೂ ಸೀಳಿದ ಮೇಲೆ ನೀರು ಬಿಟ್ಟರೆ ಅದು ಹರಡದೆ ಸೀಳಿನೊಳಗೆ ಇಳಿದುಹೋಗುತ್ತದೆ. ಹಾಗಾಗಿ ಒಣಗಿಸಿ ಒಮ್ಮೆಲೇ ಕುಡಿಸುವ ಕಾಲುವೆ ಪದ್ಧತಿಯ ರೂಢಿ ಇಲ್ಲಿ ನಡೆಯುವುದಿಲ್ಲ. ಬೀಜ ಮೊಳೆಯುವುದೂ ಕಷ್ಟವೇ. ಮೇಲಿನ ಎರಡಿಂಚು ಒಣಗಿರುವುದರಿಂದ ಮಳೆಯ ಹದಕ್ಕೆ ಬಿತ್ತಬೇಕು, ಇಲ್ಲವೇ ಮೊದಲ ಹತ್ತು ದಿನ ಸ್ಪ್ರಿಂಕ್ಲರ್ ಹಿಡಿಯಬೇಕು.

ಹೆಚ್ಚಿನ ಹೊಲಗಳಲ್ಲಿ ವ್ಯವಸ್ಥೆ ಕೆಡುವುದು ಮೋಟರು ನಿಂತ ಮರುಕ್ಷಣದಲ್ಲಿ. ಪೈಪಿನೊಳಗಿನ ನೀರು ಇಳಿಜಾರಿಗೆ ಹರಿದುಹೋಗುವಾಗ ಎತ್ತರದ ಕಡೆ ಪೈಪು ಒಳಕ್ಕೆ ಎಳೆಯತೊಡಗುತ್ತದೆ. ಗಾಳಿಗೆ ಬೇರೆ ದಾರಿ ಇಲ್ಲದಿದ್ದರೆ ಡ್ರಿಪ್ಪರಿನ ಬಾಯಿಂದ ಸುತ್ತಲಿನ ಕೆಸರು ಒಳಗೆ ಬರುತ್ತದೆ. ಸಾಲು ಪೈಪುಗಳಿಗೆ ನೀರು ಹಂಚುವ ಸಬ್‌ಮೇನಿನ ಅತಿ ಎತ್ತರದ ಜಾಗದಲ್ಲೊಂದು, ಪೈಪುಗಳ ತುದಿ ಕೂಡಿಸಿದ ಫ್ಲಶ್ ಲೈನಿನ ಎತ್ತರದಲ್ಲೊಂದು ಏರ್ ವಾಲ್ವ್ ಹಾಕಿದರೆ ಇದು ತಪ್ಪುತ್ತದೆ. ಕೊಟೇಶನ್ ಇಳಿಸಬೇಕೆಂದಾಗ ಮೊದಲು ಬಿಡುವುದು ಇದನ್ನೇ. ಬಿಡಬಾರದು.

ತುಂಗಭದ್ರಾ ಕಾಲುವೆಯ ನೀರಾದರೆ ಹೊಂಡದಲ್ಲಿ ಹೂಳು ಇಳಿಸಿ, ಮರಳಿನ ಫಿಲ್ಟರ್ ದಾಟಿಸಿ, ಆಮೇಲೆ 120 ಮೆಶ್‌ನ ಡಿಸ್ಕ್ ಫಿಲ್ಟರಿಗೆ ಬಿಡಬೇಕು. ಆದರೂ ನುಣ್ಣನೆಯ ಹೂಳು ದಾಟುತ್ತದೆ. ಅದನ್ನು ಹೊರಹಾಕಲು ತುದಿ ಬಿಚ್ಚಿ ಫ್ಲಶ್ ಮಾಡುವಾಗ ಬಕೆಟ್ ಹಿಡಿದು ನೋಡಿ: 16 ಮಿ.ಮೀ. ಪೈಪಿನ ತುದಿಯಲ್ಲಿ ನಿಮಿಷಕ್ಕೆ ಸುಮಾರು 3 ಲೀಟರ್ ಬರಬೇಕು. ಅದಕ್ಕಿಂತ ಕಡಿಮೆಯಾದರೆ ನೀರು ಬರುತ್ತದೆ, ಹೂಳು ಒಳಗೇ ಉಳಿಯುತ್ತದೆ.

ಬೇರುಗಳು ನೀರು ಹುಡುಕಿಕೊಂಡು ಡ್ರಿಪ್ಪರಿನೊಳಗೇ ನುಗ್ಗುತ್ತವೆ, ಬೆಳೆಯನ್ನು ಬಾಯಾರಿಸಿದಷ್ಟೂ ಹೆಚ್ಚು. ಬೋರಿನ ಗಡಸು ನೀರು ಸುಣ್ಣ ಕಟ್ಟುತ್ತದೆ. ಎರಡಕ್ಕೂ ಆಮ್ಲ ಬಿಡುವುದುಂಟು. 10 ಲೀಟರ್ ನೀರಿಗೆ ಸಿರಿಂಜಿನಲ್ಲಿ ಹನಿಹನಿ ಆಮ್ಲ ಹಾಕುತ್ತ ಪಿಎಚ್ ಪಟ್ಟಿ 4 ತೋರಿಸುವಷ್ಟು ಎಷ್ಟೆಂದು ಕಂಡುಕೊಂಡು, ಅದೇ ಅಳತೆಯಲ್ಲಿ ವೆಂಚುರಿಯಿಂದ (ಹರಿವ ನೀರಿನೊಳಗೆ ಆಮ್ಲ ಎಳೆದುಕೊಳ್ಳುವ ಸಾಧನ) ಬಿಟ್ಟು, ಕೊನೆಯ ಡ್ರಿಪ್ಪರಿಗೆ ತಲುಪಿದ ಮೇಲೆ ನಿಲ್ಲಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆಯುವುದು. ಆಮ್ಲವನ್ನು ನೀರಿಗೆ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಬ್ಲೀಚಿಂಗ್ ಪುಡಿಯ ನೀರಿನ ಜೊತೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಒಳಗಿನ ಸುದ್ದಿ ತಿಳಿಯಲು ವಾಟರ್ ಮೀಟರ್, ಪ್ರೆಷರ್ ಗೇಜ್ ಎರಡೂ ಬೇಕು. ಹರಿವು ಇಳಿದು ಒತ್ತಡ ಏರಿದರೆ ಕಟ್ಟಿಕೊಂಡಿದೆ. ಹರಿವು ಏರಿ ಒತ್ತಡ ಇಳಿದರೆ ಎಲ್ಲೋ ಪೈಪು ಹರಿದಿದೆ, ಬಹುಮಟ್ಟಿಗೆ ಇಲಿ ಇಲ್ಲವೇ ಹೆಗ್ಗಣ. ಹಸಿ ಉಕ್ಕಿದ ಜಾಗ ಅಗೆದು ಜೋಡಿಸಬಹುದು.

ಸವಳು ಹೊಲದವರು ಇನ್ನೊಂದನ್ನು ಗಮನಿಸಬೇಕು. ನೀರು ಪೈಪಿನಿಂದ ಮೇಲೇರಿ ಆವಿಯಾಗುವಾಗ ಉಪ್ಪನ್ನು ಮೇಲ್ಮಣ್ಣಿನಲ್ಲಿ ಬಿಟ್ಟು ಹೋಗುತ್ತದೆ, ಡ್ರಿಪ್ ಎಷ್ಟು ಓಡಿಸಿದರೂ ಅದು ಕೆಳಗೆ ತೊಳೆದು ಹೋಗುವುದಿಲ್ಲ. ಮುಂಗಾರಿನ ಮೊದಲ ಸಣ್ಣ ಮಳೆ ಬಿದ್ದಾಗ ಆ ಉಪ್ಪು ಕರಗಿ ನೇರ ಬೇರಿಗೆ ಇಳಿದು ಎಳೆ ಗಿಡ ಸುಡುತ್ತದೆ. ಅಂಥ ಹೊತ್ತಿನಲ್ಲಿ ಮಳೆ ಬಂತೆಂದು ಮೋಟರು ಆರಿಸಬೇಡಿ. ದೊಡ್ಡ ಮಳೆಯಾಗಿ ಉಪ್ಪು ಬೇರು ದಾಟಿ ಇಳಿಯುವವರೆಗೆ, ಬೇರಿನ ಬಳಿ ಉಪ್ಪು ಕೂಡದಂತೆ, ಡ್ರಿಪ್ ನಡೆಯುತ್ತಿರಲಿ.