‘ಒಂದು ಸ್ಕ್ಯಾನ್ ಬರೆದುಕೊಡಿ ಡಾಕ್ಟ್ರೇ’

ನಾಲ್ಕು ದಿನದ ಸೊಂಟನೋವಿಗೆ ಎಂಆರ್‌ಐ ಬೇಕೇ ಬೇಕು ಎಂದು ರೋಗಿ ಪಟ್ಟು ಹಿಡಿದರೆ, ಸುಮ್ಮನೆ ಬರೆದುಕೊಟ್ಟು ಕಳಿಸುವ ವೈದ್ಯರಿದ್ದಾರೆ, ‘ಅದೆಲ್ಲ ಏನೂ ಬೇಡ’ ಎಂದು ಗದರುವವರೂ ಇದ್ದಾರೆ. ಇಬ್ಬರೂ ಕೇಳದೆ ಬಿಡುವ ಪ್ರಶ್ನೆ ಒಂದೇ: ‘ಏನಾಗಿರಬಹುದು ಅಂತ ನಿಮಗೆ ಭಯ?’ ಪರಿಚಯದವರೊಬ್ಬರಿಗೆ ಹೀಗೇ ನೋವು ಶುರುವಾಗಿ ಕ್ಯಾನ್ಸರ್ ಎಂದಾಯಿತು ಎಂಬಂಥ ಮಾತು ಹೊರಬರುವುದು ಆಗಲೇ. ಆ ಉತ್ತರ ಸಿಗುವ ಮೊದಲು ಹೂಂ ಎನ್ನುವುದೂ ತಪ್ಪು, ಉಹೂಂ ಎನ್ನುವುದೂ ತಪ್ಪು.

ಆಮೇಲೆ ಕೈಯಿಂದ ಮುಟ್ಟಿ ಪರೀಕ್ಷಿಸಬೇಕು, ಕಂಡದ್ದನ್ನು ಆಗಿಂದಾಗಲೇ ಹೇಳುತ್ತಾ ಹೋಗಬೇಕು: ‘ಕಾಲಿನ ಹೆಬ್ಬೆರಳನ್ನು ಬಲವಾಗಿ ಮೇಲೆತ್ತುತ್ತಿದ್ದೀರಿ, ಅಂದರೆ ಆ ನರ ಕೆಲಸ ಮಾಡುತ್ತಿದೆ.’ ಮೌನವಾಗಿ ಮಾಡಿದ ಪರೀಕ್ಷೆ ರೋಗಿಯ ಲೆಕ್ಕಕ್ಕೆ ಬರುವುದಿಲ್ಲ.

ಸ್ಕ್ಯಾನ್ ಮಾಡಿಸಿದರೆ ನಷ್ಟವೇನು? ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್‌ನಲ್ಲೂ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿರುವುದು ಕಾಣುತ್ತದೆ. 20ರ ವಯಸ್ಸಿನಲ್ಲಿ ಸುಮಾರು 30% ಜನರಲ್ಲಿ, 80ರಲ್ಲಿ 84% ಜನರಲ್ಲಿ. ಆದರೆ ಆ ಸಾಲು ರಿಪೋರ್ಟಿನಲ್ಲಿ ಅಚ್ಚಾದ ಮೇಲೆ ತಾನೇ ಮಾಗುತ್ತಿದ್ದ ನೋವಿಗೊಂದು ರೋಗದ ಹೆಸರು ಅಂಟಿಕೊಳ್ಳುತ್ತದೆ. ರೋಗಿ ಬಗ್ಗಲು, ನಡೆಯಲು ಹೆದರುತ್ತಾನೆ, ಹಾಗೆ ಹೆದರಿ ಮಲಗಿದಷ್ಟೂ ನೋವು ಎಳೆಯುತ್ತದೆ.

ರಕ್ತಪರೀಕ್ಷೆಯ ಕಥೆಯೂ ಹೀಗೇ. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಕೊಡುವ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ 95% ಜನ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಏನೂ ಕಾಯಿಲೆಯಿಲ್ಲದವರಿಗೂ ಒಂದಾದರೂ ಅಂಕಿ ಮಿತಿ ದಾಟುವ ಸಾಧ್ಯತೆ ಸುಮಾರು 64%. ಅದರ ಬೆನ್ನುಹತ್ತಿ ಮತ್ತೊಂದು ಪರೀಕ್ಷೆ, ಅದರ ಹಿಂದೆ ಇನ್ನೊಂದು. ಎಲ್ಲವೂ ನಾರ್ಮಲ್ ಬಂದರೂ, ಕಾಯಿಲೆಯ ಸಾಧ್ಯತೆ ಕಡಿಮೆಯಿದ್ದವರಲ್ಲಿ ಆ ಸಮಾಧಾನ ಹೆಚ್ಚು ದಿನ ಬಾಳುವುದಿಲ್ಲ ಎಂಬುದನ್ನು ಅಧ್ಯಯನಗಳು ತೋರಿಸಿವೆ.

‘ಬೇಡ’ ಎನ್ನುವ ಬದಲು ‘ಈಗ ಬೇಡ, ಯಾವಾಗ ಬೇಕೆಂದು ಬರೆದುಕೊಡುತ್ತೇನೆ’ ಎನ್ನಬಹುದು. ಚೀಟಿಯಲ್ಲಿ ಮತ್ತೆ ಬರಬೇಕಾದ ದಿನಾಂಕ ಇರಲಿ, ಆರು ವಾರವಾದರೂ ನೋವು ಇಳಿಯದಿದ್ದರೆ ಸ್ಕ್ಯಾನ್ ಬಗ್ಗೆ ಮತ್ತೆ ಮಾತಾಡೋಣ ಎಂಬ ಭರವಸೆಯೂ ಇರಲಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು ಇದ್ದರೆ ಅಷ್ಟು ಕಾಯುವಂತಿಲ್ಲ. ಕಾಲಿನ ಬಲ ಕುಂದುತ್ತಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ ಹಗಲಿರುಳು ನೋಡದೆ ಆಸ್ಪತ್ರೆಗೆ ಬರಬೇಕು. ಆಗ ಎಂಆರ್‌ಐ ಅದೇ ದಿನ ಆಗಬೇಕು.