ಮೊದಲ ಈಜು ಮೀಟ್‌ಗೆ ಡೈವ್ ಬೇಕಾಗಿಲ್ಲ

ನಲವತ್ತು ದಾಟಿದ ಮೇಲೆ ಈಜು ಕಲಿತವರು ಮೊದಲ ಸಲ ಮಾಸ್ಟರ್ಸ್ ಮೀಟ್‌ಗೆ, ಅಂದರೆ ದೊಡ್ಡವರಿಗಾಗಿ ವಯಸ್ಸಿನ ಗುಂಪುಗಳಲ್ಲಿ ನಡೆಯುವ ಈಜು ಸ್ಪರ್ಧೆಗೆ, ಹೆಸರು ಕೊಟ್ಟ ಕೂಡಲೇ ನನ್ನ ಹತ್ತಿರ ಬರುತ್ತಾರೆ. ಕೇಳುವುದು ಒಂದೇ ಮಾತು. “ಸರ್, ಇನ್ನೊಂದು ವಾರ ಇದೆ. ಡೈವ್ ಕಲಿಸಿಬಿಡಿ.” ಉಸಿರಾಟದ ಬಗ್ಗೆ ಕೇಳುವುದಿಲ್ಲ, ಟರ್ನ್ ಬಗ್ಗೆ ಕೇಳುವುದಿಲ್ಲ. ಡೈವ್ ಬರದಿದ್ದರೆ ಮೀಟ್‌ಗೆ ಹೋಗುವ ಹಾಗೇ ಇಲ್ಲ ಎಂದು ಹೇಗೋ ನಂಬಿಕೊಂಡಿರುತ್ತಾರೆ. ಚೆನ್ನಾಗಿ ಈಜುವವರೇ ಇದೊಂದೇ ಕಾರಣಕ್ಕೆ ಕೊನೇ ಗಳಿಗೆಯಲ್ಲಿ ಹೆಸರು ವಾಪಸ್ ಪಡೆದದ್ದನ್ನೂ ನೋಡಿದ್ದೇನೆ. ತುಂಬಾ ಬೇಜಾರಾಗುತ್ತದೆ.

ಡೈವ್ ಕಡ್ಡಾಯವಲ್ಲ. ಈಜಿನ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಅಕ್ವಾಟಿಕ್ಸ್‌ನ ಮಾಸ್ಟರ್ಸ್ ನಿಯಮದಲ್ಲೇ ಇದು ಸ್ಪಷ್ಟವಾಗಿದೆ. ಬ್ಲಾಕ್ ಮೇಲಿಂದ, ಅಂದರೆ ಕೊಳದ ಅಂಚಿನಲ್ಲಿರುವ ಎತ್ತರದ ಕಟ್ಟೆಯಿಂದ, ಹಾರಬಹುದು. ಕೊಳದ ಅಂಚಿನಿಂದ ಹಾರಬಹುದು. ಅಥವಾ ನೀರಿನಲ್ಲೇ ಇದ್ದು, ಗೋಡೆಗೆ ಕೈ ತಾಗಿಸಿಕೊಂಡು, ಸಿಗ್ನಲ್ ಬಂದಾಗ ಗೋಡೆ ಒದ್ದು ಹೊರಡಬಹುದು. ನೀರಿನಿಂದ ಹೊರಟಿರಿ ಎಂದು ಯಾರೂ ನಿಮ್ಮ ಸಮಯಕ್ಕೆ ಸೆಕೆಂಡು ಸೇರಿಸುವುದಿಲ್ಲ. ಊರಿನ ಕ್ಲಬ್‌ಗಳು ನಡೆಸುವ ಚಿಕ್ಕ ಮೀಟ್‌ಗಳಲ್ಲಿ ಅವರದೇ ನಿಯಮ ಇರಬಹುದು, ಆದ್ದರಿಂದ ಹೆಸರು ಕೊಡುವ ಮುಂಚೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ಇಷ್ಟು ಹೇಳಿದರೂ “ಎಲ್ಲರೂ ಮೇಲೆ ನಿಂತಿರುವಾಗ ನಾನೊಬ್ಬನೇ ನೀರಲ್ಲಿದ್ದರೆ ಚೆನ್ನಾಗಿರುತ್ತಾ ಸರ್?” ಎನ್ನುತ್ತಾರೆ. ಅಂಗಾತ ಮಲಗಿ ಈಜುವ ಬ್ಯಾಕ್‌ಸ್ಟ್ರೋಕ್ ನೋಡಿದ್ದೀರಿ ಅಲ್ವಾ? ಅದರಲ್ಲಿ ಎಲ್ಲರೂ ನೀರಿನಿಂದಲೇ ಹೊರಡುತ್ತಾರೆ. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಈಜಿದಾಗ ಹೊರಟಿದ್ದು ನೀರಿನೊಳಗಿನಿಂದಲೇ. ನೀರಿನಿಂದ ಶುರು ಮಾಡುವುದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಇನ್ನು ಲಾಭದ ಮಾತು. ಪಳಗಿದ ಈಜುಗಾರನಿಗೆ ಡೈವ್‌ನಿಂದ ಲಾಭ ಇದೆ, ಒಪ್ಪುತ್ತೇನೆ. ಅವನ ಬೆರಳು, ತಲೆ, ಸೊಂಟ, ಕಾಲು ಒಂದರ ಹಿಂದೆ ಒಂದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನೀರು ಸೇರುತ್ತವೆ. ಗಾಳಿಯಲ್ಲಿ ಸಿಕ್ಕ ವೇಗ ನೀರಿನೊಳಗೂ ಸ್ವಲ್ಪ ಹೊತ್ತು ಉಳಿಯುತ್ತದೆ. ಒಂದು ವಾರದಲ್ಲಿ ಕಲಿತವರು ಹೊಟ್ಟೆ ಅಡಿಯಾಗಿ ಬೀಳುತ್ತಾರೆ. ಹೊಟ್ಟೆಗೂ ತೊಡೆಗೂ ಪಟಾರ್ ಎಂದು ಹೊಡೆತ ಬೀಳುತ್ತದೆ, ವೇಗ ಅಲ್ಲೇ ಸಾಯುತ್ತದೆ. ಗಾಗಲ್ಸ್ ಜಾರಿ ಮೂಗಿಗೆ ಬರುತ್ತದೆ. ಉಸಿರು ಕಟ್ಟುತ್ತದೆ. 50 ಮೀಟರ್ ರೇಸ್ ಆದರೆ ತಲೆ ಎತ್ತಿದಾಗ ಇನ್ನೂ ನಲವತ್ತಕ್ಕಿಂತ ಜಾಸ್ತಿ ಮೀಟರ್ ಬಾಕಿ. ಅದೇ ವ್ಯಕ್ತಿ ಎರಡೂ ಕಾಲಿನಿಂದ ಗೋಡೆ ಒದ್ದು, ಕೈ ಚಾಚಿ ಜಾರಿಕೊಂಡು ಹೋದರೆ ಗಾಗಲ್ಸ್ ಜಾಗದಲ್ಲೇ ಇರುತ್ತದೆ, ಉಸಿರು ಹಿಡಿತದಲ್ಲಿರುತ್ತದೆ.

ಆದರೆ ನನ್ನ ನಿಜವಾದ ಆತಂಕ ಸಮಯದ್ದಲ್ಲ, ಕುತ್ತಿಗೆಯದು. ಸ್ಪರ್ಧೆಯ ಬ್ಲಾಕ್ ನೀರಿನಿಂದ 50ರಿಂದ 75 ಸೆಂಟಿಮೀಟರ್ ಎತ್ತರ ಇರುತ್ತದೆ. ಬ್ಲಾಕ್ ಇರುವ ಕಡೆ ನೀರು ಕನಿಷ್ಠ 1.35 ಮೀಟರ್ ಆಳ ಇರಬೇಕು ಎಂಬುದು ನಿಯಮ. ಅಂದರೆ ಸುಮಾರು ನಾಲ್ಕೂವರೆ ಅಡಿ. ಮೇಲ್ಮೈಗೆ ಹತ್ತಿರವಾಗಿ, ಓರೆಯಾಗಿ ಹಾರುವುದು ಕರಗತ ಆದವರಿಗೆ ಅದು ಸಾಕು. ಹೊಸಬರು ಹೆದರಿಕೆಯಲ್ಲಿ ತಲೆ ಬಗ್ಗಿಸಿ ನೆಟ್ಟಗೆ ಕೆಳಕ್ಕೆ ಹೋದರೆ ಸಾಲುವುದಿಲ್ಲ. ಅಪಾರ್ಟ್‌ಮೆಂಟ್ ಪೂಲ್‌ಗಳಲ್ಲಂತೂ ಎಷ್ಟೋ ಕಡೆ ನಾಲ್ಕು ಅಡಿ ನೀರೂ ಇರುವುದಿಲ್ಲ. ಅಂಥ ಒಂದು ಪೂಲ್‌ನಲ್ಲಿ ಮೊಬೈಲ್‌ನಲ್ಲಿ ವಿಡಿಯೊ ನೋಡಿಕೊಂಡು ರಾತ್ರಿ ಹೊತ್ತು ಡೈವ್ ಅಭ್ಯಾಸ ಮಾಡಿದ ಒಬ್ಬರು ಮಾರನೇ ದಿನ ಹಣೆ ತರಚಿಕೊಂಡು ಬಂದರು. ತರಚಿದ್ದರಲ್ಲೇ ಮುಗಿಯಿತು, ಪುಣ್ಯ. ತಲೆ ತಳಕ್ಕೆ ಬಲವಾಗಿ ಬಡಿದರೆ ಕುತ್ತಿಗೆಯ ಮೂಳೆ ಮುರಿದು ಕೈಕಾಲು ಸ್ವಾಧೀನ ತಪ್ಪಬಹುದು. ಹೆದರಿಸಬೇಕೆಂದು ಹೇಳುತ್ತಿಲ್ಲ. ದಯವಿಟ್ಟು ಆಳ ಕಡಿಮೆ ಇರುವಲ್ಲಿ ಒಬ್ಬೊಬ್ಬರೇ ಇದನ್ನು ಮಾಡಬೇಡಿ.

ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮೇಡಂ ನನ್ನ ಬೆಳಗಿನ ಬ್ಯಾಚಿನಲ್ಲಿದ್ದಾರೆ. ಬಂದ ಹೊಸತರಲ್ಲಿ ನೀರಿಗೆ ಮುಖ ಅದ್ದುವುದಕ್ಕೇ ಭಯ. ಮೊದಲ ಮೀಟ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್‌ಗೆ ಹೆಸರು ಕೊಟ್ಟರು. ನೀರಿನಿಂದಲೇ ಹೊರಟರು. ಪಕ್ಕದ ಲೇನಿನವರು ಡೈವ್ ಹೊಡೆದು ಮುಂದೆ ಹೋದರು, ಇವರು ತಮ್ಮ ಪಾಡಿಗೆ ಈಜಿದರು. ಅರ್ಧ ದಾಟುವಷ್ಟರಲ್ಲಿ ಆ ಪಕ್ಕದವರು ಸುಸ್ತಾಗಿ ಲೇನಿನ ಹಗ್ಗ ಹಿಡಿದುಕೊಂಡರು. ನಮ್ಮ ಮೇಡಂ ನಿಲ್ಲದೆ ಗೋಡೆ ಮುಟ್ಟಿದರು. ಮೊಮ್ಮಗಳು ಗ್ಯಾಲರಿಯಲ್ಲಿ ನಿಂತು “ಅಜ್ಜೀ!” ಎಂದು ಕೂಗಿದ್ದು ಇಡೀ ಪೂಲ್‌ಗೆ ಕೇಳಿಸಿತು. ಇಂಥವರಿಗೋಸ್ಕರ ನಾನು ಚಳಿಗಾಲದಲ್ಲೂ ಬೆಳಗಿನ ಜಾವ ಎದ್ದು ಬರುತ್ತೇನೆ.

ಅಂದಹಾಗೆ, ಫ್ರೀಸ್ಟೈಲ್‌ನಲ್ಲಿ ಮಧ್ಯೆ ಉಸಿರು ಸಿಗದಿದ್ದರೆ ನೆಲಕ್ಕೆ ಕಾಲೂರಿ ನಿಲ್ಲಬಹುದು, ಅನರ್ಹ ಮಾಡುವುದಿಲ್ಲ. ನಡೆಯಬಾರದು, ಹಗ್ಗ ಹಿಡಿದು ಎಳೆದುಕೊಂಡು ಮುಂದೆ ಹೋಗಬಾರದು, ಅಷ್ಟೇ.

ನೀರಿನಿಂದ ಹೊರಡುವುದನ್ನೂ ಅಭ್ಯಾಸ ಮಾಡಬೇಕು. ಅದಕ್ಕೆ ಒಂದು ವಾರ ಧಾರಾಳ ಸಾಕು. ಮೀಟ್ ದಿನ ನಿಮ್ಮ ಹೀಟ್‌ಗೆ (ನಿಮ್ಮ ಗುಂಪಿನ ಸುತ್ತಿಗೆ) ಮುಂಚೆಯೇ ರೆಫರಿಗೋ ಲೇನಿನ ಟೈಮ್‌ಕೀಪರ್‌ಗೋ “ನಾನು ನೀರಿನಿಂದ ಸ್ಟಾರ್ಟ್ ಮಾಡುತ್ತೇನೆ” ಎಂದು ಹೇಳಿಬಿಡಿ. ಮೊದಲು ಚಿಕ್ಕ ಚಿಕ್ಕ ಸೀಟಿ ಕೇಳಿಸುತ್ತದೆ, ಅದು ತಯಾರಾಗಿ ಎಂದು. ಉದ್ದ ಸೀಟಿ ಬಂದಾಗ ಕಾಲು ಮುಂದಾಗಿ ನೀರಿಗಿಳಿಯಿರಿ. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈ ಲೇನಿನ ಕಡೆಗೆ, ಎರಡೂ ಪಾದ ಗೋಡೆಗೆ. “ಟೇಕ್ ಯುವರ್ ಮಾರ್ಕ್ಸ್” ಎಂದ ಮೇಲೆ ಅಲ್ಲಾಡಬೇಡಿ. ಸಿಗ್ನಲ್‌ಗೆ ಮುಂಚೆ ಹೊರಟರೆ ಎರಡನೇ ಅವಕಾಶ ಇಲ್ಲ. ಸಿಗ್ನಲ್ ಬಂದ ಮೇಲೆ ತಲೆ ನೀರಿನೊಳಗೆ ತನ್ನಿ, ಆಮೇಲೆ ಒದೆಯಿರಿ. ತಲೆ ಮೇಲಿಟ್ಟುಕೊಂಡೇ ಒದೆಯುವವರು ಜಾಸ್ತಿ, ಅವರು ಎರಡು ಮೀಟರೂ ಜಾರುವುದಿಲ್ಲ.

ಬಿಪಿ, ಹೃದಯದ ತೊಂದರೆ, ಕುತ್ತಿಗೆ ನೋವು ಇರುವವರು ಡಾಕ್ಟರ್ ಹತ್ತಿರ ಮಾತಾಡಿಯೇ ಹೆಸರು ಕೊಡಿ. ಡೈವ್ ಕಲಿಯುವ ಆಸೆ ಇದ್ದರೆ ಖಂಡಿತ ಕಲಿಸುತ್ತೇನೆ. ಆಳ ಇರುವ ಕಡೆ, ಮೊದಲು ಅಂಚಿನಲ್ಲಿ ಕೂತು, ಆಮೇಲೆ ಮಂಡಿಯೂರಿ, ಆಮೇಲೆ ನಿಂತು. ಅದಕ್ಕೆ ತಿಂಗಳುಗಳೇ ಬೇಕು. ಮೀಟ್ ಮುಗಿಸಿಕೊಂಡು ಬನ್ನಿ, ಆಮೇಲೆ ಶುರು ಮಾಡೋಣ.