ಹಿಮದ ಮೇಲೆ ಓಡಿಸಲು ಯಾವ ಹಳೆಯ ಡರ್ಟ್ ಬೈಕ್ ಕೊಳ್ಳಲಿ?

ಪ್ರಶ್ನೆ: ನಾನು ಹಾಸನದವನು. ನಾಲ್ಕು ವರ್ಷಗಳಿಂದ ಅಮೆರಿಕದ ಐಡಹೋ ರಾಜ್ಯದ ಬಾಯ್ಸಿಯಲ್ಲಿ ಕೆಲಸದಲ್ಲಿದ್ದೇನೆ. ಕಳೆದ ಚಳಿಗಾಲ ಮೆಕ್‌ಕಾಲ್ ಊರಿನ ಕಡೆ ಹೋದಾಗ ಡರ್ಟ್ ಬೈಕಿಗೆ ಮುಂದೆ ಸ್ಕೀ, ಹಿಂದೆ ಚಕ್ರದ ಬದಲು ಸುತ್ತುವ ರಬ್ಬರ್ ಪಟ್ಟಿ, ಅಂದರೆ ಟ್ರ್ಯಾಕ್ ಹಾಕಿಕೊಂಡು ಹಿಮದ ಮೇಲೆ ಓಡಿಸುವವರನ್ನು ಕಂಡೆ. ಅಂದಿನಿಂದ ಮನಸ್ಸು ಅಲ್ಲೇ ಇದೆ. ಹೊಸ ಸ್ನೋಮೊಬೈಲ್ ನನ್ನ ಕೈಗೆ ಎಟುಕುವುದಿಲ್ಲ. ಎಲ್ಲ ಸೇರಿ ಎಂಟು ಸಾವಿರ ಡಾಲರ್ ಇದೆ. ಅಗ್ಗದಲ್ಲಿ ಯಾವ ಬೈಕ್ ಕೊಂಡರೆ ಒಳ್ಳೆಯದು?

ಉತ್ತರ: ಬೈಕ್ ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ. ಮೊದಲು ಆ ಸ್ಕೀ, ಟ್ರ್ಯಾಕುಗಳ ಕಿಟ್ ಹುಡುಕಿ.

ಈ ಪ್ರಶ್ನೆ ಕೇಳುವ ಹತ್ತು ಜನರಲ್ಲಿ ಒಂಬತ್ತು ಜನ ಬೈಕನ್ನು ಮೊದಲು ಮನೆಗೆ ತಂದು ಕಟ್ಟಿಕೊಂಡು, ಆಮೇಲೆ ಕಿಟ್ಟಿಗಾಗಿ ಅಲೆಯುತ್ತಾರೆ. ಅಲ್ಲಿಯೇ ದುಡ್ಡು ಸೋರುವುದು. ಹಿಂದಿನ ಚಕ್ರವನ್ನು ಮಾತ್ರವಲ್ಲ, ಅದನ್ನು ಹಿಡಿದಿರುವ ಸ್ವಿಂಗ್ ಆರ್ಮನ್ನೂ ಶಾಕ್ ಅಬ್ಸಾರ್ಬರನ್ನೂ ಬಿಚ್ಚಿ, ಆ ಜಾಗಕ್ಕೆ ಟ್ರ್ಯಾಕಿನ ಚೌಕಟ್ಟನ್ನು ಕೂರಿಸಬೇಕು. ಅದು ಬೈಕಿಗೆ ಕಚ್ಚಿಕೊಳ್ಳುವುದು ಸ್ವಿಂಗ್ ಆರ್ಮಿನ ದೊಡ್ಡ ಬೋಲ್ಟ್ ಹಾದುಹೋಗುವ ರಂಧ್ರದಲ್ಲಿ. ಆ ಬೋಲ್ಟಿನ ದಪ್ಪ, ಚಾಸಿಯ ಅಗಲ, ಚೈನ್ ಓಡುವ ಸಾಲು ಒಂದೊಂದು ಮಾದರಿಗೂ ಬೇರೆ. ಒಂದೇ ಮಾದರಿಯಲ್ಲೂ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಹಾಗಾಗಿ ಕಿಟ್ ಜೊತೆಗೆ ನಿಮ್ಮ ಬೈಕಿಗೆಂದೇ ಮಾಡಿದ ಜೋಡಣೆಯ ಭಾಗಗಳೂ ಬೇಕು. ಅದನ್ನು ಅಲ್ಲಿ ಫಿಟ್ ಕಿಟ್ ಎನ್ನುತ್ತಾರೆ. ಹೆಚ್ಚು ಮಾರಾಟವಾದ ಬೈಕುಗಳಿಗೆ ಅದು ಸುಲಭವಾಗಿ ಸಿಗುತ್ತದೆ. ಅಪರೂಪದ ಬೈಕಿಗೆ ಸಿಗುವುದೇ ಕಷ್ಟ. ಲೇತ್ ಅಂಗಡಿಗೆ ಹೋಗಿ ತಿರುವಿಸಿಕೊಳ್ಳುತ್ತೇನೆ ಎಂದು ಹೊರಟರೆ ಬೈಕಿನಲ್ಲಿ ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ.

ನೀವು ಸರಿಯಾದ ರಾಜ್ಯದಲ್ಲಿದ್ದೀರಿ. ಈ ಕಿಟ್ಟುಗಳನ್ನು ಜನಪ್ರಿಯಗೊಳಿಸಿದ ಟಿಂಬರ್‌ಸ್ಲೆಡ್ ಕಂಪನಿ ಬೆಳೆದದ್ದು ಐಡಹೋದ ಉತ್ತರದ ಸ್ಯಾಂಡ್‌ಪಾಯಿಂಟ್ ಊರಿನಲ್ಲಿ. 2015ರಲ್ಲಿ ಅದನ್ನು ಸ್ನೋಮೊಬೈಲ್ ಮಾಡುವ ಪೊಲಾರಿಸ್ ಕಂಪನಿ ಕೊಂಡಿತು. ಹಳೆಯ ಮಾಲಿನಲ್ಲಿ ಟಿಂಬರ್‌ಸ್ಲೆಡ್, ಕ್ಯಾಮ್ಸೋ, ಕೆನಡಾದ ಯೇಟಿ ಎಂಬ ಹೆಸರುಗಳು ಕಾಣಸಿಗುತ್ತವೆ. ಟ್ರ್ಯಾಕಿನ ಉದ್ದ ಸಾಮಾನ್ಯವಾಗಿ 120ರಿಂದ 137 ಇಂಚು. ಉದ್ದ ಹೆಚ್ಚಿದಷ್ಟೂ ಮೆದು ಹಿಮದಲ್ಲಿ ತೇಲುತ್ತದೆ, ಆದರೆ ಎಂಜಿನ್ನಿಗೆ ಹೊರೆಯೂ ಹೆಚ್ಚು. ಬಳಸಿದ ಒಳ್ಳೆಯ ಕಿಟ್ ಒಂದು, ಯಾವ ಬೈಕಿಗೆ ಹಾಕಿತ್ತೋ ಅದರ ಫಿಟ್ ಕಿಟ್ ಸಮೇತ ಸಿಕ್ಕಿದರೆ, ಅದೇ ಮಾದರಿಯ, ಅದೇ ವರ್ಷಗಳ ಬೈಕನ್ನು ಹುಡುಕಿ. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಕ್ಕಂತಾಯಿತು.

ಉಳಿದರ್ಧ ಚಳಿಯದು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ಹೊಸಬರೆಲ್ಲ ಕೇಳುವುದು ಎಷ್ಟು ಶಕ್ತಿಯ ಎಂಜಿನ್ ಬೇಕು ಎಂದು. ಶಕ್ತಿ ಬೇಕು, ನಿಜ. ಆದರೆ ಹಿಮದಲ್ಲಿ ಬೈಕುಗಳು ಕೆಡುವುದು ಶಕ್ತಿ ಸಾಲದೆ ಅಲ್ಲ, ಎಂಜಿನ್ ಬೆಚ್ಚಗಾಗದೆ.

ಮೋಟೋಕ್ರಾಸ್ ಬೈಕನ್ನು, ಅಂದರೆ ಮಣ್ಣಿನ ಹಾದಿಯ ರೇಸಿಗೆಂದು ಮಾಡಿದ ಡರ್ಟ್ ಬೈಕನ್ನು, ರೂಪಿಸಿರುವುದು ಬೇಸಿಗೆಯ ಧೂಳಿನ ಓಟಕ್ಕೆ. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಬಹುಪಾಲು ಮೋಟೋಕ್ರಾಸ್ ಬೈಕುಗಳಲ್ಲಿ ಇರುವುದೇ ಇಲ್ಲ. ಎಂಜಿನ್ ತಣ್ಣಗಿದ್ದರೂ ಬಿಸಿಯಿದ್ದರೂ ಕೂಲೆಂಟ್ ರೇಡಿಯೇಟರ್ ಮೂಲಕ ಸುತ್ತುತ್ತಲೇ ಇರುತ್ತದೆ. ಶೂನ್ಯಕ್ಕಿಂತ ಹದಿನೈದು ಡಿಗ್ರಿ ಕೆಳಗಿನ ಗಾಳಿ, ಅದರ ಜೊತೆ ಸ್ಕೀ ಎರಚುವ ಹಿಮದ ಪುಡಿ ಆ ರೇಡಿಯೇಟರಿಗೆ ಬಡಿದರೆ ಎಂಜಿನ್ ತನ್ನ ಹದಕ್ಕೆ ಬರುವುದೇ ಇಲ್ಲ. ಆಗ ಪೆಟ್ರೋಲ್ ಪೂರ್ತಿ ಆವಿಯಾಗದೆ ಸಿಲಿಂಡರಿನ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್ ದಾಟಿ ಕೆಳಗಿನ ಎಣ್ಣೆಗೆ ಇಳಿಯುತ್ತದೆ. ಜೊತೆಗೆ ನೀರಿನ ಪಸೆಯೂ ಸೇರುತ್ತದೆ. ದಿನವಿಡೀ ಓಡಿಸಿ ಸಂಜೆ ನೋಡಿದರೆ ಎಣ್ಣೆ ಕಡಿಮೆಯಾಗುವ ಬದಲು ಜಾಸ್ತಿಯಾಗಿರುತ್ತದೆ, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಇಂಥ ಎಂಜಿನ್ನಿನಲ್ಲಿ ಇರುವುದೇ ಒಂದು ಲೀಟರ್ ಆಸುಪಾಸಿನ ಎಣ್ಣೆ. ಅದು ತೆಳುವಾದರೆ ಬೇರಿಂಗುಗಳನ್ನು ಕಾಯುವವರು ಯಾರು?

ಪರಿಹಾರ ಕಷ್ಟದ್ದಲ್ಲ. ಕೂಲೆಂಟ್ ಪೈಪಿನ ನಡುವೆ ಕೂರಿಸುವ ಥರ್ಮೋಸ್ಟಾಟ್ ಬೇರೆಯಾಗಿ ಸಿಗುತ್ತದೆ, ರೇಡಿಯೇಟರನ್ನು ಭಾಗಶಃ ಮುಚ್ಚುವ ಹೊದಿಕೆಗಳಿವೆ. ಎಂಜಿನ್ ಉಸಿರು ಬಿಡುವ ರಬ್ಬರ್ ಕೊಳವೆಯ ತುದಿಯಲ್ಲಿ ಹಬೆ ಹೆಪ್ಪುಗಟ್ಟಿ ಮುಚ್ಚಿಕೊಂಡರೆ ಒಳಗೆ ಒತ್ತಡ ಕಟ್ಟಿ ಸೀಲುಗಳು ಕಿತ್ತುಬರುತ್ತವೆ. ಆ ಕೊಳವೆಯಲ್ಲಿ ಎಂಜಿನ್ನಿನ ಬಿಸಿ ತಾಗುವಷ್ಟು ಹತ್ತಿರ ಚಿಕ್ಕ ತೂತು ಮಾಡಿದರೆ ಸಾಕು. ಗಾಳಿ ಎಳೆದುಕೊಳ್ಳುವ ದಾರಿಗೂ ಹಿಮದ ಪುಡಿ ನುಗ್ಗದಂತೆ ಬೇರೆ ಜಾಲರಿ ಬೇಕು, ಮಾಮೂಲಿ ಸ್ಪಂಜಿನ ಫಿಲ್ಟರ್ ಒದ್ದೆಯಾಗಿ ಮಂಜುಗಡ್ಡೆಯಾಗುತ್ತದೆ. ಇವಕ್ಕೆಲ್ಲ ನಿಮ್ಮ ಎಂಟು ಸಾವಿರದಲ್ಲಿ ಕಡಿಮೆಯೆಂದರೆ ಆರೇಳು ನೂರು ಡಾಲರನ್ನು ಮೊದಲೇ ತೆಗೆದಿಡಿ.

ಇನ್ನು ಬೈಕು. ಎರಡು ವಿಷಯಗಳಲ್ಲಿ ರಾಜಿಯಾಗಬೇಡಿ: ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಅಳೆದು ಚಿಮುಕಿಸುವ ಫ್ಯುಯೆಲ್ ಇಂಜೆಕ್ಷನ್ ಇರಲಿ, ಸೆಲ್ಫ್ ಸ್ಟಾರ್ಟ್ ಇರಲಿ.

ಕಾರ್ಬ್ಯುರೇಟರ್ ಬೈಕ್ ಸಾವಿರ ಡಾಲರ್ ಕಡಿಮೆಗೆ ಸಿಗುತ್ತದೆ ಎಂದು ನಾನೂ ಅದನ್ನೇ ಮೊದಲು ತಂದೆ. ಮೂರನೆಯ ಸವಾರಿಯಲ್ಲಿ, ಗಿಡಗಳ ಸಾಲಿಗೆ ನೂರು ಅಡಿ ಇದೆ ಎನ್ನುವಾಗ ಥ್ರಾಟಲ್ ಬಿಟ್ಟೆ, ಎಂಜಿನ್ ಬಿಡಲಿಲ್ಲ. ಕಾರ್ಬ್ಯುರೇಟರಿನೊಳಗೆ ಮೇಲೆ ಕೆಳಗೆ ಆಡುವ ಸ್ಲೈಡ್ ಮಂಜುಗಟ್ಟಿ ತೆರೆದಲ್ಲೇ ನಿಂತುಬಿಟ್ಟಿತ್ತು. ಕೆಂಪು ಗುಂಡಿ ಒತ್ತಿ ಎಂಜಿನ್ ಆರಿಸಿದೆ, ಬೈಕ್ ಒಂದು ಫರ್ ಮರದ ಬುಡದ ಹಿಮದಲ್ಲಿ ಹೂತು ನಿಂತಿತು. ಅದನ್ನು ಅಗೆದು ತೆಗೆಯುವಾಗ ಕೈ ನಡುಗುತ್ತಿದ್ದುದು ಚಳಿಗೆ ಮಾತ್ರ ಅಲ್ಲ. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಆವಿಯಾಗುತ್ತಾ ಸುತ್ತಲಿನ ಶಾಖವನ್ನು ಹೀರುತ್ತದೆ, ಆಗ ಒದ್ದೆ ಗಾಳಿಯ ಪಸೆ ಅಲ್ಲಿಯೇ ಗಟ್ಟಿಯಾಗುತ್ತದೆ. ಬಿಸಿ ಕೂಲೆಂಟನ್ನು ಕಾರ್ಬ್ಯುರೇಟರ್ ಸುತ್ತ ಹಾಯಿಸಿ ಇದನ್ನು ತಡೆಯುವವರಿದ್ದಾರೆ. ಕೈಚಳಕ ಇರುವವರು ಮಾಡಲಿ. ಮೊದಲ ಬೈಕಿಗೆ ಆ ತಲೆನೋವು ಬೇಡ ಎನ್ನುವುದು ನನ್ನ ಮಾತು.

ಎತ್ತರದ ಲೆಕ್ಕವೂ ಇದೆ. 2,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಐದರಲ್ಲಿ ನಾಲ್ಕು ಪಾಲಿಗೂ ಕೊಂಚ ಕಡಿಮೆ. ಬಾಯ್ಸಿಯಿಂದ ಬೆಟ್ಟ ಹತ್ತಿದಂತೆ ಕಾರ್ಬ್ಯುರೇಟರಿಗೆ ಜೆಟ್, ಅಂದರೆ ಪೆಟ್ರೋಲಿನ ಅಳತೆ ನಿರ್ಧರಿಸುವ ಚಿಕ್ಕ ತೂತಿನ ಭಾಗವನ್ನು, ಬದಲಿಸುತ್ತಾ ಹೋಗಬೇಕು. ಇಂಜೆಕ್ಷನ್ ತಾನೇ ಅಳೆದು ಹೊಂದಿಸಿಕೊಳ್ಳುತ್ತದೆ. ಎಂಜಿನ್ನಿನ ಬಲವೂ ಅದೇ ಪ್ರಮಾಣದಲ್ಲಿ ಕುಗ್ಗುವುದರಿಂದ 450 ಸಿಸಿಗೆ ಕಡಿಮೆಯ ಫೋರ್ ಸ್ಟ್ರೋಕ್ ಬೇಡ. 250 ಸಿಸಿಯದು ಗಟ್ಟಿ ಹಾದಿಯಲ್ಲಿ ಓಡುತ್ತದೆ, ಸೊಂಟದ ಮಟ್ಟದ ಪುಡಿ ಹಿಮದಲ್ಲಿ ಬಸವಳಿಯುತ್ತದೆ.

ಟೂ ಸ್ಟ್ರೋಕ್ ಹೇಗೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಮೈಸೂರಿನ ಯೆಜ್ಡಿ, ಆರ್‌ಎಕ್ಸ್ 100 ಸದ್ದು ಕೇಳಿ ಬೆಳೆದ ಊರಿನವರಿಗೆ ಆ ಆಸೆ ಸಹಜ. 300 ಸಿಸಿ ಟೂ ಸ್ಟ್ರೋಕ್ ಹಗುರ, ಹೂತರೆ ಒಬ್ಬರೇ ಎತ್ತಬಹುದು. ಆದರೆ ಚಳಿಗೆ ಗಾಳಿ ಸಾಂದ್ರವಾದಾಗ ಮಿಶ್ರಣದಲ್ಲಿ ಪೆಟ್ರೋಲ್ ಸಾಲದೆ ಪಿಸ್ಟನ್ ಜಾಮ್ ಆಗುವ ಭಯ ಇದ್ದೇ ಇರುತ್ತದೆ. ಇಂಜೆಕ್ಷನ್ ಇರುವ ಟೂ ಸ್ಟ್ರೋಕ್ ಕೆಟಿಎಂನಿಂದ ಬಂದದ್ದು 2018ರ ಮಾದರಿಗಳಲ್ಲಿ, ಅವು ಇನ್ನೂ ದುಬಾರಿ.

ಹಾಗಾದರೆ ಯಾವುದು? ನನ್ನ ಮೊದಲ ಆಯ್ಕೆ 2013ರಿಂದ ಈಚಿನ ಕೆಟಿಎಂ 450 ಎಸ್‌ಎಕ್ಸ್-ಎಫ್. ಅದರಲ್ಲಿ ಇಂಜೆಕ್ಷನ್ನೂ ಸೆಲ್ಫ್ ಸ್ಟಾರ್ಟೂ ಎರಡೂ ಇವೆ, ಹಳತಾದ್ದರಿಂದ ಬೆಲೆಯೂ ಇಳಿದಿದೆ. ಎರಡನೆಯದು 2012ರಿಂದ ಈಚಿನ ಯಮಾಹಾ ಡಬ್ಲ್ಯುಆರ್ 450 ಎಫ್. ಇದು ಮೋಟೋಕ್ರಾಸ್ ಬೈಕಿನಷ್ಟು ಚುರುಕಲ್ಲ, ಆದರೆ ದೀಪ ಉರಿಸುವಷ್ಟು ವಿದ್ಯುತ್ ಮಾಡುತ್ತದೆ. ಹ್ಯಾಂಡಲ್ ಹಿಡಿಗಳನ್ನು ಬೆಚ್ಚಗಿಡಲು ಆ ವಿದ್ಯುತ್ ಬೇಕೇ ಬೇಕು, ಬೆರಳು ಮರಗಟ್ಟಿದ ಸವಾರ ಬ್ರೇಕ್ ಹಿಡಿಯಲಾರ. ಜಪಾನಿನ ಉಳಿದ 450 ಮೋಟೋಕ್ರಾಸ್‌ಗಳಲ್ಲಿ ಇಂಜೆಕ್ಷನ್ 2008ರಿಂದ 2010ರೊಳಗೆ ಬಂದಿತು, ಸೆಲ್ಫ್ ಸ್ಟಾರ್ಟ್ ಮಾತ್ರ ತಡವಾಯಿತು: ಹೋಂಡಾ ಸಿಆರ್‌ಎಫ್ 450 ಆರ್ ಮತ್ತು ಯಮಾಹಾ ವೈಝೆಡ್ 450 ಎಫ್‌ಗೆ 2018ರಲ್ಲಿ, ಕವಾಸಾಕಿ ಕೆಎಕ್ಸ್ 450ಕ್ಕೆ 2019ರಲ್ಲಿ. ಅದಕ್ಕೆ ಮೊದಲಿನವು ಅಗ್ಗ. ಆದರೆ ಎದೆಯ ಮಟ್ಟದ ಹಿಮದಲ್ಲಿ ವಾಲಿ ನಿಂತ ಬೈಕಿಗೆ ಕಿಕ್ ಹೊಡೆಯಲು ಕಾಲೂರುವುದು ಎಲ್ಲಿ? ಸುಜುಕಿ ಡಿಆರ್‌ಝೆಡ್ 400 ಕೂಡ ಕಡಿಮೆ ಬೆಲೆಗೆ ಸಿಗುತ್ತದೆ. ಗಟ್ಟಿ ಎಂಜಿನ್, ಆದರೆ ಭಾರ ಹೆಚ್ಚು, ಬಲ ಕಡಿಮೆ, ಕಾರ್ಬ್ಯುರೇಟರ್. ಬಿಡಿ.

ನೋಡಲು ಹೋಗುವಾಗ ಮಾರುವವರಿಗೆ ಒಂದೇ ಮಾತು ಹೇಳಿ: ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಕೈಗವಸು ತೆಗೆದು ಅಂಗೈಯನ್ನು ಎಂಜಿನ್ನಿನ ಮೇಲೆ ಇಡಿ. ಬೆಚ್ಚಗಿದ್ದರೆ, ತಣ್ಣಗಿರುವಾಗ ಅದು ಸುಲಭಕ್ಕೆ ಏಳುವುದಿಲ್ಲ ಎಂಬ ಅನುಮಾನ ಇಟ್ಟುಕೊಳ್ಳಿ. ವಾಲ್ವುಗಳು ಸವೆದ ಎಂಜಿನ್ನಿನ ಮೊದಲ ಗುರುತು ಅದು. ಎಣ್ಣೆಯ ಮುಚ್ಚಳ ಬಿಚ್ಚಿ ಬೆರಳಲ್ಲಿ ಸವರಿ ನೋಡಿ. ಹಾಲು ಹೆಚ್ಚಾದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ. ಸ್ವಿಂಗ್ ಆರ್ಮಿನ ಬೋಲ್ಟನ್ನು ಅವರ ಎದುರೇ ಒಮ್ಮೆ ತಿರುಗಿಸಿ. ಎಷ್ಟೋ ಬೈಕುಗಳಲ್ಲಿ ಅದು ತುಕ್ಕು ಹಿಡಿದು ಬೆಸೆದುಕೊಂಡಿರುತ್ತದೆ, ಕಿಟ್ ಹಾಕಬೇಕೆಂದರೆ ಅದು ಹೊರಬರಲೇಬೇಕು. ಕಿಲೋಮೀಟರ್ ಕೇಳಬೇಡಿ, ಎಷ್ಟು ಗಂಟೆ ಓಡಿದೆ, ಪಿಸ್ಟನ್ ಬದಲಿಸಿದ್ದು ಎಷ್ಟನೇ ಗಂಟೆಗೆ ಎಂದು ಕೇಳಿ. ಹಿಮದಲ್ಲಿ ಎಂಜಿನ್ ಹೆಚ್ಚುಕಡಿಮೆ ಪೂರ್ತಿ ಥ್ರಾಟಲಿನಲ್ಲೇ ದುಡಿಯುತ್ತದೆ. ಹಾಗಾಗಿ ಕಡಿಮೆ ಗಂಟೆ ಓಡಿದ ಹತ್ತು ವರ್ಷದ ಬೈಕ್, ಹಿಂಡಿ ಹಿಪ್ಪೆ ಮಾಡಿದ ಮೂರು ವರ್ಷದ ಬೈಕಿಗಿಂತ ಲೇಸು. ರೇಡಿಯೇಟರಿನಲ್ಲಿ ಇರುವುದು ಕೂಲೆಂಟೋ ಬರೀ ನೀರೋ ಎಂದೂ ನೋಡಿ. ಬೇಸಿಗೆ ಸವಾರರು ಕೆಲವರು ನೀರು ತುಂಬಿಸಿರುತ್ತಾರೆ, ಒಂದು ರಾತ್ರಿ ಹೊರಗೆ ನಿಂತರೆ ಅದು ಹೆಪ್ಪುಗಟ್ಟಿ ರೇಡಿಯೇಟರನ್ನೇ ಸೀಳುತ್ತದೆ.

ಸಮಯವೂ ಮುಖ್ಯ. ಕಿಟ್ಟುಗಳು ಅಗ್ಗವಾಗುವುದು ಹಿಮ ಕರಗುವ ಏಪ್ರಿಲ್‌ನಲ್ಲಿ, ಬೈಕುಗಳು ಅಗ್ಗವಾಗುವುದು ಮಣ್ಣಿನ ಹಾದಿ ಮುಚ್ಚುವ ನವೆಂಬರ್‌ನಲ್ಲಿ. ನಡುವೆ ಕಾಯುವ ತಾಳ್ಮೆ ಇದ್ದರೆ ನಿಮ್ಮ ಎಂಟು ಸಾವಿರದಲ್ಲಿ ಎರಡೂ ಒಳ್ಳೆಯವೇ ಸಿಗುತ್ತವೆ.

ಆದರೆ ಆ ಎಂಟು ಸಾವಿರದಿಂದ ಎಲ್ಲಕ್ಕಿಂತ ಮೊದಲು ತೆಗೆಯಬೇಕಾದ ದುಡ್ಡು ಇನ್ನೊಂದಿದೆ. ಈ ಬೈಕ್ ನಿಮ್ಮನ್ನು ಸ್ನೋಮೊಬೈಲುಗಳೂ ಹೋಗಲಾರದ ಇಕ್ಕಟ್ಟಿನ, ಕಡಿದಾದ ಇಳಿಜಾರುಗಳಿಗೆ ಒಯ್ಯುತ್ತದೆ. ಹಿಮ ಜಾರಿ ಬೀಳುವ ಜಾಗಗಳೂ ಅವೇ. ಹೂತವರನ್ನು ಪತ್ತೆ ಹಚ್ಚುವ ಬೀಕನ್, ಹಿಮದೊಳಗೆ ಚುಚ್ಚಿ ನೋಡುವ ಉದ್ದನೆಯ ಕೋಲು, ಸಲಿಕೆ, ಈ ಮೂರನ್ನೂ ಬೈಕಿಗಿಂತ ಮೊದಲು ಕೊಳ್ಳಿ, ಬೀಕನ್ನನ್ನು ಮೈಗೆ ಕಟ್ಟಿಕೊಳ್ಳಿ, ಬೈಕಿಗಲ್ಲ. ಮೆಕ್‌ಕಾಲ್ ಸುತ್ತಲಿನ ಬೆಟ್ಟಗಳಿಗೆ ಪಯೆಟ್ ಅವಲಾಂಚ್ ಸೆಂಟರ್ ಚಳಿಗಾಲದಲ್ಲಿ ಮುನ್ಸೂಚನೆ ಕೊಡುತ್ತದೆ. ಹೊರಡುವ ದಿನ ಬೆಳಿಗ್ಗೆ ಅದನ್ನು ಓದಿ. ಒಬ್ಬರೇ ಹೋಗಬೇಡಿ, ಜೊತೆಗಾರರ ಬಳಿಯೂ ಈ ಮೂರು ಇವೆಯೇ ಎಂದು ಗಾಡಿಯಿಂದ ಬೈಕ್ ಇಳಿಸುವ ಮೊದಲೇ ಕೇಳಿ.